ಮೊದಲು ಒಳಗೆ ಹೋದವನು ನಾನೇ

ನಸೀಮಾ ಮೇಡಂ ಯಾರ ಮುಖವನ್ನೂ ನೋಡುತ್ತಾ ಕಷ್ಟ ಕೇಳುತ್ತಿರಲಿಲ್ಲ. ಕಡ್ಲೇಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಎದುರಿಗೆ ಕೂತವರ ಮುಂದೂ ಒಂದು ಹಿಡಿ ಸುರಿದು, "ಕೈಗೆ ಕೆಲ್ಸ ಕೊಟ್ರೆ ಬಾಯಿ ತಾನಾಗೇ ಬಿಚ್ಚುತ್ತೆ" ಎನ್ನುತ್ತಿದ್ದರು. ಸಿರಾದವರು, ಮಾತಿಗೆ ಮೊದಲು ಒಂದು "ಅರೇ" ಹಾಕುವುದು ಅವರ ರೂಢಿ.

ಕಳ್ಳಂಬೆಳ್ಳದ ಕಡೆಯ ನಮ್ಮ ಹೈಸ್ಕೂಲಿಗೆ ಅವರು ಆಪ್ತ ಸಮಾಲೋಚಕಿಯಾಗಿ ಬಂದ ದಿನ, ಮಕ್ಕಳಿಗೆ ಪರಿಚಯಿಸುವ ಹೊಣೆ ನನ್ನ ತಲೆಗೆ ಬಿತ್ತು. ನಾನು ಗಣಿತದ ಮೇಷ್ಟ್ರು, ಮೈಕು ಕಂಡರೆ ಮೈಮರೆಯುವವನು. ಪ್ರಾರ್ಥನೆಯ ಸಾಲಿನೆದುರು ನಿಂತು, "ಮನಸ್ಸಿನ ತೊಂದರೆ ಇರುವವರೆಲ್ಲ ಈಗಲೇ ಕೈ ಎತ್ತಿ!" ಎಂದು ಗುಡುಗಿದೆ. ಒಂದು ಕೈಯೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಕೋಣೆಗೆ "ಮೆಂಟ್ಲು ರೂಮು" ಎಂಬ ಹೆಸರು ಬಿದ್ದಿತ್ತು.

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದೊಂದೇ ಕ್ಲಾಸಿಗೆ ಹೋಗಿ, "ನಾನು ಬಯ್ಯಲ್ಲ, ಮಾರ್ಕ್ಸ್ ಹಾಕಲ್ಲ. ನನ್ನ ಹತ್ರ ಹೇಳಿದ್ದು ಹೊರಗೆ ಹೋಗಲ್ಲ. ನಿಮಗೆ ಯಾರಾದ್ರೂ ಕೇಡು ಮಾಡ್ತಿದ್ರೆ ಮಾತ್ರ, ನಿಮಗೆ ಹೇಳಿಯೇ ಬೇರೆಯವರ ಸಹಾಯ ಕೇಳ್ತೀನಿ" ಎಂದರು. ಮಕ್ಕಳು ತಲೆಯಾಡಿಸಿದರು, ನಂಬಲಿಲ್ಲ. ನನ್ನ ಪರಿಚಯ ಭಾಷಣ ಅಷ್ಟು ಗಟ್ಟಿಯಾಗಿ ಕೂತಿತ್ತು.

ಎಂಟನೇ ಕ್ಲಾಸಿನ ಭಾಗ್ಯಳ ಚಿಂತೆ ನಮ್ಮಿಬ್ಬರಿಗೂ ಇತ್ತು. ಹುಲಿಕುಂಟೆ ಕಡೆಯ ಕುರಿ ಸಾಕುವವರ ಮನೆಯ ಮಾತಿನಮಲ್ಲಿ ಅವಳು. ಈಗ ಬಾಯಿಯೇ ಬಿಡುತ್ತಿರಲಿಲ್ಲ. ಬಿಸಿಯೂಟದ ತಟ್ಟೆಯನ್ನು ಹಾಗೇ ನಾಯಿಗೆ ಸುರಿಯುತ್ತಿದ್ದಳು.

"ಕರೆಸಲಾ ಮೇಡಂ?" ಎಂದೆ.

"ಅರೇ, ಕರೆಸಿದ್ರೆ ಅವಳಿಗೂ ಮೆಂಟ್ಲು ಅಂತ ಹೆಸರಿಡ್ತಾರೆ ಸಾರ್. ಎಲ್ಲರ ಕಣ್ಣೆದುರಿಗೆ ಮೊದ್ಲು ನೀವು ಬನ್ನಿ. ಐದು ನಿಮಿಷ ಕೂತು ಎದ್ದು ಹೋಗಿ."

ನಾಟಕ ತಾನೇ ಎಂದು ಮೀಸೆ ತಿರುವಿಕೊಂಡೇ ಹೋದೆ. ಮೇಡಂ ಬಾಗಿಲು ಮುಚ್ಚಿ, ಕಡ್ಲೇಕಾಯಿ ಸುರಿದು, "ಮನೇಲಿ ಹೆಂಗಿದ್ದೀರಿ ಸಾರ್?" ಎಂದರು. ಅಷ್ಟೇ. ಅಮ್ಮ ಹೋದ ಮೇಲೆ ನನ್ನನ್ನು ಬಯ್ಯುವವರೇ ಇಲ್ಲ ಎಂದು ಶುರು ಮಾಡಿದವನು ಗಳಗಳನೆ ಅತ್ತುಬಿಟ್ಟೆ. ಆ ದಿನ ಹತ್ತನೇ ಕ್ಲಾಸಿಗೆ ಬೀಜಗಣಿತ ನಡೆಯಲೇ ಇಲ್ಲ. ಕೆಂಪು ಕಣ್ಣು, ಮೀಸೆಯಲ್ಲಿ ಕಡ್ಲೇಸಿಪ್ಪೆ ಹೊತ್ತು ಹೊರಬಂದರೆ ವರಾಂಡದಲ್ಲಿ ಪಿಸುಮಾತು: "ಲೇ, ಸಾರೇ ಅತ್ಬುಟ್ಟವ್ರೆ ಕಣ್ಲಾ!"

ಮಾರನೆಯ ದಿನ ಭಾಗ್ಯ ತಾನಾಗಿಯೇ ಆ ಬಾಗಿಲು ತಟ್ಟಿದಳು. ಆಮೇಲೂ ಎಷ್ಟೋ ಸಲ ಹೋದಳು. ನಿಧಾನವಾಗಿ ಊಟ ಸೇರಿತು, ನನ್ನ ಪಾಠದ ನಡುವೆ ಹರಟೆಯೂ ಶುರುವಾಯಿತು. ಹರಟೆ ಕೇಳಿ ನಾನು ಸಂತೋಷಪಟ್ಟದ್ದು ನನ್ನ ನೌಕರಿಯಲ್ಲೇ ಅದೊಂದು ಸಲ.

ಮುಂದಿನ ವರ್ಷ ಮೇಡಂಗೆ ಪಾವಗಡದ ಕಡೆಯ ಶಾಲೆ ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಬೀಳ್ಕೊಡುವಾಗಲೂ ನನ್ನ ಕೆಟ್ಟ ಕುತೂಹಲ ಬಿಡಲಿಲ್ಲ.

"ಈಗಲಾದ್ರೂ ಹೇಳಿ ಮೇಡಂ, ಭಾಗ್ಯಂಗೆ ಏನಾಗಿತ್ತು?"

ಅವರು ನಕ್ಕರು. "ಅರೇ, ಅವಳೂ ಒಳಗೆ ಬಂದವಳೇ ಕೇಳಿದ್ದು ಇದನ್ನೇ ಸಾರ್. 'ನಮ್ ಸಾರು ಯಾಕತ್ರು ಮಿಸ್?' ಅಂತ. ಎಷ್ಟು ಕಾಡಿದ್ರೂ ನಾನು ಹೇಳ್ಲಿಲ್ಲ. ಆಮೇಲೇ ಅವಳು ತನ್ನದನ್ನ ಹೇಳಿದ್ದು."