ಕನಕಪ್ಪನ ಗ್ಲಾಸಿನ ಚಹಾ

ಬ್ಯಾಡಗಿಯ ಬಾರೊಂದರಲ್ಲಿ ಸಪ್ಲೈಯರ್ ಆಗಿದ್ದ ಕನಕಪ್ಪ ಹನಿ ಹೆಂಡ ಮುಟ್ಟಿದವನಲ್ಲ ಎಂದರೆ ಪೇಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬದಂತೆ ನೋಡಿಕೊಂಡವನೂ ಅವನೇ. ಕೆಲಸಕ್ಕೆ ಸೇರಿದ ದಿನವೇ ಮಾಲೀಕ ಸುಭಾಷ ಗೋಡೆಯ ಮೇಲಿನ ಲೈಸೆನ್ಸು ತೋರಿಸಿ ಕಡ್ಡಿ ಮುರಿದಂತೆ ಹೇಳಿದ್ದ: "ಡ್ಯೂಟಿ ಮ್ಯಾಲ ಒಂದು ಗುಟುಕು ಹಾಕಿದಿ ಅಂದ್ರ ಇದಕ್ಕ ಕುತ್ತು ಬರ್ತದ. ಅವತ್ತ ನೀ ಗಂಟುಮೂಟಿ ಕಟ್ಟು." ಮೇಡ್ಲೇರಿಯಿಂದ ಬಂದ, ಬೇರೆ ಕಸುಬು ಬಾರದ ಕನಕಪ್ಪನಿಗೆ ಅಷ್ಟೇ ಸಾಕಾಯಿತು.

ಆದರೆ ಗಿರಾಕಿಗಳಿಗೆ ಲೈಸೆನ್ಸು ಕಟ್ಟಿಕೊಂಡು ಏನಾಗಬೇಕು? ಮೆಣಸಿನಕಾಯಿ ಮಾರಿ ಬಂದವರಿಗೆ ಒಬ್ಬರೇ ಕೂತು ಕುಡಿಯಲು ನಾಚಿಕೆ. "ನೀನೂ ಒಂದು ಹಾಕೋ ತಮ್ಮಾ" ಎನ್ನುತ್ತಿದ್ದರು. ಒಲ್ಲೆ ಎಂದರೆ ಮುಖ ಊದಿಸುತ್ತಿದ್ದರು. ಕನಕಪ್ಪ ಒಂದು ಉಪಾಯ ಹೂಡಿದ. "ನಂದು ಒಳಗ ಐತ್ರಿ" ಎಂದು ಅಡುಗೆಮನೆಗೆ ಹೋಗಿ, ಹಾಲಿಲ್ಲದ ಆರಿದ ಚಹಾಕ್ಕೆ ನೀರು ಬೆರೆಸಿ, ಸುಭಾಷನ ಕಣ್ಣು ತಪ್ಪಿಸಿ ಗ್ಲಾಸಿನಲ್ಲಿ ತರುತ್ತಿದ್ದ. ಗುಟುಕರಿಸಿ ಮುಖ ಕಿವುಚುವುದನ್ನೂ ಚೆನ್ನಾಗಿಯೇ ಕಲಿತಿದ್ದ.

ಮೋಟೆಬೆನ್ನೂರಿನ ರೈತ ಅಜ್ಜಪ್ಪನಂತೂ ಕನಕಪ್ಪನ ಗ್ಲಾಸು ಬರುವ ತನಕ ತನ್ನದನ್ನು ಮುಟ್ಟುತ್ತಿರಲಿಲ್ಲ. ಹೆಂಡತಿ ಜಯವ್ವ ತೀರಿಕೊಂಡ ಮೇಲೆ, ಮಕ್ಕಳ ಮುಂದೆ ಬಾಯಿಬಿಡದ ಮಾತನ್ನೆಲ್ಲ ಇಲ್ಲಿ ಬಂದು ಆಡುತ್ತಿದ್ದ. ಅವಳು ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡಾಗ ಹೆದರಿ, ಬಿಡಿಸಿಕೊಂಡು ಓಡಿಬಂದಿದ್ದನ್ನೂ ಹೇಳಿ ಅತ್ತಿದ್ದ. ಆಮೇಲೆ ಕಣ್ಣೊರೆಸಿಕೊಂಡು, "ಇಬ್ರೂ ಕುಡದೇವಿ. ನಾಳೆ ಇಬ್ರಿಗೂ ನೆನಪಿರೂದಿಲ್ಲ" ಎಂದಿದ್ದ. ಕನಕಪ್ಪನಿಗೆ ಅದರಲ್ಲಿ ಒಂದಕ್ಷರವೂ ಮರೆತಿರಲಿಲ್ಲ.

ಒಂದು ಮಧ್ಯಾಹ್ನ ಅಬಕಾರಿ ಇಲಾಖೆಯವರು ತಪಾಸಣೆಗೆಂದು ಒಳಗೆ ಬಂದಾಗ ಕನಕಪ್ಪ ಅಜ್ಜಪ್ಪನ ಟೇಬಲಿನ ಹತ್ತಿರ ಗ್ಲಾಸು ಹಿಡಿದು ನಿಂತಿದ್ದ. ಸುಭಾಷನ ಮುಖ ಕಪ್ಪಿಟ್ಟಿತು. ಗ್ಲಾಸಿನಲ್ಲಿ ಏನಿದೆ ಎಂದು ಸಾಹೇಬರು ಕೇಳುವಷ್ಟರಲ್ಲಿ ಅಜ್ಜಪ್ಪನೇ ಎದ್ದು ನಿಂತ.

"ಇವಂದೇನೂ ತಪ್ಪಿಲ್ರಿ ಸಾಹೇಬ್ರ. ನಾನ ಬಲವಂತ ಮಾಡಿ ಕುಡಿಸೇನಿ. ಕೇಸ್ ಹಾಕೂದಿದ್ರ ನನ್ನ ಮ್ಯಾಲ ಹಾಕ್ರಿ."

ಸುಮ್ಮನಿದ್ದರೆ ನೌಕರಿ ಹೋಗುತ್ತದೆ, ಬಾಯಿ ಬಿಟ್ಟರೆ ಈ ಮನುಷ್ಯ ಕೈಬಿಟ್ಟು ಹೋಗುತ್ತಾನೆ ಎಂದು ಕನಕಪ್ಪನಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಕಣ್ಣು ಕೆಳಗೆ ಹಾಕಿ, "ಚಹಾ ಐತ್ರಿ ಸಾಹೇಬ್ರ. ಯಾವಾಗ್ಲೂ ಚಹಾನ" ಎಂದ.

ಸಾಹೇಬರು ಗ್ಲಾಸು ಮೂಸಿ ನೋಡಿ ಜೋರಾಗಿ ನಕ್ಕರು. ಹೋದ ಜೀವ ಬಂದಂತಾಗಿ ಸುಭಾಷ ಕನಕಪ್ಪನ ಬೆನ್ನು ತಟ್ಟಿದ. ಅಕ್ಕಪಕ್ಕದ ಟೇಬಲಿನವರೂ ನಕ್ಕರು. ಅಜ್ಜಪ್ಪ ಮಾತ್ರ ನಗಲಿಲ್ಲ.

ಸಾಹೇಬರೂ ಸುಭಾಷನೂ ಆಚೆ ಸರಿದ ಮೇಲೆ ಅವನು ಮೆಲ್ಲಗೆ ಕೇಳಿದ: "ಅಂದ್ರ, ನಾ ಹೇಳಿದ್ದೆಲ್ಲಾ ನಿನಗ ನೆನಪೈತಿ?"

"ಯಾರ ಮುಂದೂ ಹೇಳಿಲ್ರಿ ಯಜಮಾನ್ರ. ಖರೇನ ಹೇಳಾಕತ್ತೇನಿ."

"ಹೇಳಿಲ್ಲ ಬಿಡು, ನನಗ ಗೊತ್ತೈತಿ. ಆದ್ರ ಇನ್ನ ಮ್ಯಾಲ ನಿನ್ನ ಮಾರಿ ನೋಡಿದ್ರ ನನಗ ಆಕಿ ಕೈನ ನೆನಪಾಗ್ತದ."

ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಜ್ಜಪ್ಪ ಹೊರಟುಹೋದ. ಮುದುಕ ಮತ್ತೆ ಆ ಬಾರಿನ ಮೆಟ್ಟಿಲು ಹತ್ತಲಿಲ್ಲ.