ಬೆಳಗಿನ ಆರು ಗಂಟೆಯ ದೂಳು

2007ರ ಮಾರ್ಚ್ 14, ಬುಧವಾರ, ಬೆಳಿಗ್ಗೆ 10.40. ಉಪಗ್ರಹ ಚಿತ್ರಗಳಲ್ಲಿ ಹೊಗೆ, ದೂಳುಗಳ ಜಾಡು ಹಿಡಿಯುವ ಪ್ರಯೋಗಾಲಯವೊಂದರಲ್ಲಿ ನಾನಾಗ ಪ್ರಾಜೆಕ್ಟ್ ಅಸಿಸ್ಟೆಂಟ್. ಸೇರಿ ಏಳು ತಿಂಗಳಾಗಿತ್ತು. ಆ ಹೊತ್ತಿಗೆ ಕನಕಪುರ ತಾಲ್ಲೂಕಿನ ಅರ್ಜಿಯೊಂದು ನನ್ನ ಮೇಜಿಗೆ ಬಂತು.

ಕಬ್ಬಾಳು ಬೆಟ್ಟದ ಆಚೆ ರೇಷ್ಮೆ ಬೆಳೆಯುವ ಜಯಮ್ಮ ಬರೆಸಿದ್ದರು. ಹೊಸ ಕಲ್ಲು ಕ್ರಷರ್‌ನ ದೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿದೆ. ಹುಳು ಆ ಸೊಪ್ಪನ್ನು ಮುಟ್ಟದೆ ಹಿಂದಿನ ಬೆಳೆ ಹಾಳಾಯಿತು. ಈಗ ಮತ್ತೆ ಇನ್ನೂರು ಚಿಟ್ಟೆ ಇಟ್ಟಷ್ಟು ರೇಷ್ಮೆ ಮೊಟ್ಟೆ ತಂದಿದ್ದೇನೆ, ಇದಾದರೂ ಉಳಿಯಲಿ ಎಂದಿತ್ತು ಅರ್ಜಿಯಲ್ಲಿ. ಅದು ಕಾಡಿನ ಬೆಂಕಿಯ ಹೊಗೆ, ನಮ್ಮ ದೂಳಲ್ಲ ಎಂದು ಕ್ರಷರ್‌ನವರು ಉತ್ತರಿಸಿದ್ದರು. ನಮ್ಮ ವರದಿ ನೋಡಿ ಅಧಿಕಾರಿಗಳು ತೀರ್ಮಾನಿಸುವವರಿದ್ದರು.

ಶುಕ್ರವಾರ ಸ್ಥಳಕ್ಕೆ ಹೋದೆ. ತಲುಪಿದಾಗ 11.20. ಕ್ರಷರ್ ನಿಂತಿತ್ತು.

"ಈಗ್ ಬಂದ್ರೆ ಏನ್ ಕಂಡದು ಮೇಡಂ?" ಎಂದರು ಜಯಮ್ಮ. "ನಾವು ಸೊಪ್ಪು ಕುಯ್ಯೋದು ಬೆಳಗ್ಗೆ ಆರ್ಗಂಟೆಗೆ, ಬಿಸ್ಲೇರಿದ್ರೆ ಬಾಡೋಯ್ತದೆ. ಆವಾಗ್ ಬನ್ನಿ."

"ಬುಡು ಅತ್ಗೆ, ಅವ್ರು ಆಕಾಸದಿಂದ ನೋಡೋರು," ಎಂದ ಅವರ ಮೈದುನ ಸಿದ್ದ. "ಆಕಾಸದೋರ್ಗೆ ಬೆಳಗಾಗೋದು ಒಸಿ ತಡ."

ಎಲ್ಲರೊಂದಿಗೆ ನಾನೂ ನಕ್ಕೆ. ಡೈರಿಯಲ್ಲಿ '6 ಗಂಟೆ' ಎಂದು ಬರೆದು ಸುತ್ತ ಚೌಕ ಹಾಕಿಕೊಂಡೆ. ಹೋಗಲಿಲ್ಲ.

ನಮಗೆ ದಿನಕ್ಕೆರಡು ಚಿತ್ರ ಸಿಗುತ್ತಿದ್ದವು, ಬೆಳಿಗ್ಗೆ ಹತ್ತೂವರೆ ಮತ್ತು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ. ಮುಂದಿನ ಒಂಬತ್ತು ದಿನಕ್ಕೆ ಹದಿನೆಂಟು. ಐದರಲ್ಲಿ ಮೋಡ. ಉಳಿದ ಹದಿಮೂರರ ಪೈಕಿ ಎಂಟರಲ್ಲಿ ಉಯ್ಯಂಬಳ್ಳಿಯಾಚೆಯ ಕಾಡಿನಿಂದ ಎದ್ದ ಹೊಗೆ ತೆಳು ಪರದೆಯಂತೆ ಕಬ್ಬಾಳಿನವರೆಗೆ ಚಾಚಿಕೊಂಡಿತ್ತು. ಕ್ರಷರ್ ದೂಳು ಒಂದರಲ್ಲೂ ಇರಲಿಲ್ಲ. ಆ ಚಿತ್ರಗಳಲ್ಲಿ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕೆ, ಕಾಲು ಕಿಲೋಮೀಟರ್ ಅಗಲದ ನೆಲ. ಜಯಮ್ಮನ ಇಡೀ ತೋಟ ಅದರೊಳಗೆ ಅಡಗಿಬಿಡುತ್ತದೆ. ಅದು ಗೊತ್ತಿದ್ದೂ 26ರ ಸೋಮವಾರ ಬರೆದೆ: "ಹೊಗೆ ಇದೆ. ಕ್ರಷರ್ ದೂಳಿನ ಗುರುತಿಲ್ಲ." ಕ್ರಷರ್ ನಿಲ್ಲಲಿಲ್ಲ.

ತಿಂಗಳ ಲೆಕ್ಕ ಒಟ್ಟು ಹಾಕುವಾಗ ಡೈರಿಯ ಆ ಚೌಕ ಕಣ್ಣಿಗೆ ಬಿತ್ತು. ಕನಕಪುರದಲ್ಲಿ ಉಳಿದುಕೊಂಡು, ಏಪ್ರಿಲ್ 4ರಂದು ಆಟೋದಲ್ಲಿ ಬೆಳಿಗ್ಗೆ 5.50ಕ್ಕೆ ತೋಟ ಮುಟ್ಟಿದೆ. ಕ್ರಷರ್ ಮೊರೆಯುತ್ತಿತ್ತು. ಅದಕ್ಕೆ ಕರೆಂಟು ಸಿಗುತ್ತಿದ್ದದ್ದೇ ನಾಲ್ಕರಿಂದ ಒಂಬತ್ತರವರೆಗೆ. ತಣ್ಣನೆಯ ಗಾಳಿಯಲ್ಲಿ ದೂಳು ಮೇಲೇರದೆ ಗಿಡಗಳ ಮೇಲೇ ಇಳಿಯುತ್ತಿತ್ತು. ಒಂದು ಎಲೆ ಒರೆಸಿದೆ. ಕರ್ಚೀಫು ಬೂದಿ ಬಣ್ಣವಾಯಿತು.

ಅದು ಹುಳು ಗೂಡು ಕಟ್ಟಬೇಕಿದ್ದ ವಾರ. ಗೂಡಿಗೆಂದು ತಂದ ಬಿದಿರಿನ ಚಂದ್ರಿಕೆಗಳು ಬರಿದಾಗಿ ಗೋಡೆಗೆ ಒರಗಿದ್ದವು. ಸಿದ್ದ ಸತ್ತ ಹುಳುಗಳನ್ನು ಮಂಕರಿಯಲ್ಲಿ ತಂದು ಗುಂಡಿಗೆ ಸುರಿಯುತ್ತಿದ್ದ.

"ನೀವ್ ಬರ್ದಿದ್ನ ಆಪೀಸ್ನಲ್ಲಿ ಓದಿ ಹೇಳುದ್ರು," ಎಂದರು ಜಯಮ್ಮ. "ಕ್ರಷರ್ ಆಗಿದ್ರೆ ನಿಲ್ಸಿ ಅನ್ಬೋದಿತ್ತು. ಕಾಡಿನ್ ಬೆಂಕಿನ ಯಾರ್ನ ಕೇಳನ, ನೀವೇ ಹೇಳಿ." ಆಮೇಲೆ ಕಾಫಿ ಕೊಟ್ಟರು. ಕುಡಿದೆ.

ಮರುದಿನವೇ ಅಧಿಕಾರಿಗಳಿಗೆ ತಿದ್ದುಪಡಿ ಪತ್ರ ಕಳಿಸಿದೆ. ಸ್ವೀಕೃತಿ ಬಂತು, ಉತ್ತರ ಬರಲಿಲ್ಲ. ಅಂದಿನಿಂದ ನನ್ನ ಪ್ರತಿ ವರದಿಯ ಮೊದಲ ಸಾಲಿನಲ್ಲೇ ಉಪಗ್ರಹ ನೋಡಿದ ಗಂಟೆಯನ್ನೂ ನೋಡದೇ ಹೋದ ಗಂಟೆಗಳನ್ನೂ ಬರೆಯುತ್ತೇನೆ.

ನನ್ನ ಡೈರಿಯ ಆ ಮಾರ್ಚ್‌ನ ಪುಟಗಳಲ್ಲಿ ಬೆಳಗಿನ ನಾಲ್ಕರಿಂದ ಹತ್ತರವರೆಗಿನ ಕಾಲಂ ಇನ್ನೂ ಖಾಲಿ ಇದೆ. ಆಗ ಆ ಕಡೆ ಮುಂಜಾನೆ ಸೊಪ್ಪು ಕುಯ್ದವರು, ಗಾಳಿ ಯಾವ ದಿಕ್ಕಿಗಿತ್ತೆಂದು ನೆನಪಿರುವವರು, ಜಯಮ್ಮ ಮತ್ತೆ ಮೊಟ್ಟೆ ತಂದರೋ ಇಲ್ಲವೋ ಬಲ್ಲವರು ದಯವಿಟ್ಟು ನನಗೆ ಬರೆಯಿರಿ.