ಶಾಕ್ ಪೆಟ್ಟಿಗೆಯ ಕೀ ಎಲ್ಲಿ?

ನಮ್ಮ ಶಾಲೆಗೆ ಬೆಲೆಬಾಳುವ ವಸ್ತು ಯಾವುದೇ ಬರಲಿ, ಅದಕ್ಕೆ ಎರಡು ಮರ್ಯಾದೆ ಗ್ಯಾರಂಟಿ. ಮೊದಲು ಪೂಜೆ, ಆಮೇಲೆ ಬೀಗ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಶಾಕ್ ಪೆಟ್ಟಿಗೆಗೂ ಎರಡೂ ಸಿಕ್ಕವು. ಹೃದಯ ಇದ್ದಕ್ಕಿದ್ದಂತೆ ನಿಂತು ಕುಸಿದವರ ಎದೆಗೆ ಅಂಟಿಸಿದರೆ, ತಾನೇ ಪರೀಕ್ಷಿಸಿ, ಬೇಕಿದ್ದರೆ ಮಾತ್ರ ಶಾಕ್ ಕೊಡುವ ಪುಟ್ಟ ಪೆಟ್ಟಿಗೆ ಅದು. ಆಯುಧಪೂಜೆಯ ದಿನ ಅದರ ಮುಚ್ಚಳಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಮುಂದೆ ನಿಂಬೆಹಣ್ಣು ಇಟ್ಟರು. ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಯಂತ್ರಕ್ಕೆ ಪೂಜೆ ತಪ್ಪಿಸಲಾಗದು ಎಂದು ನನಗೂ ಗೊತ್ತು. ಪೂಜೆಗೆ ನನ್ನ ತಕರಾರಿರಲಿಲ್ಲ. ಆದರೆ ಮುಗಿದ ಮೇಲೆ ಅದನ್ನು ಹೆಡ್ ಮಾಸ್ಟರ್ ಕೋಣೆಯ ಗಾಜಿನ ಬೀರುವಿನಲ್ಲಿ, ಟ್ರೋಫಿಗಳ ನಡುವೆ ಇಟ್ಟು ಬೀಗ ಜಡಿದರಲ್ಲ, ಆಗ ಮೈಯೆಲ್ಲ ಉರಿಯಿತು.

ನಾನು ಈ ಶಾಲೆಯ ಪಿ.ಟಿ. ಟೀಚರ್. ಮನೆ ಶಿವಮೊಗ್ಗದಲ್ಲಿ, ದಿನಾ ಸ್ಕೂಟರ್‌ನಲ್ಲಿ ಬಂದು ಹೋಗುತ್ತೇನೆ. ನಾಲ್ಕೂವರೆಗೆ ಶಾಲೆ ಬಿಡುತ್ತದೆ, ನನ್ನ ಖೋಖೋ ಹುಡುಗಿಯರು ಓಡಲು ಶುರು ಮಾಡುವುದೇ ಆಮೇಲೆ. ಅಷ್ಟು ಹೊತ್ತಿಗೆ ಹೆಡ್ ಮಾಸ್ಟರ್ ತಮ್ಮೂರು ಕುಂಸಿಗೆ ಹೋಗುವ ಆತುರದಲ್ಲಿ ಬಸ್ ಸ್ಟ್ಯಾಂಡ್ ಸೇರಿರುತ್ತಾರೆ. ಆಫೀಸಿಗೆ ಬೀಗ, ಸ್ಟಾಫ್ ರೂಮಿಗೆ ಬೀಗ, ದೊಡ್ಡ ಗೇಟಿಗೆ ಸರಪಳಿ ಸುತ್ತಿ ಇನ್ನೊಂದು ಬೀಗ. ಬೀರುವಿನದೂ ಸೇರಿ ಅಷ್ಟೂ ಕೀಗಳು ಒಂದೇ ಗೊಂಚಲಿನಲ್ಲಿ, ಗೊಂಚಲು ನಮ್ಮ ಅಟೆಂಡರ್ ಸೊಂಟದಲ್ಲಿ. ಮಕ್ಕಳು ಜೀವ ಬಿಟ್ಟು ಓಡುವ ಹೊತ್ತಿಗೇ ಜೀವ ಉಳಿಸುವ ಪೆಟ್ಟಿಗೆ ಒಳಗೆ ಸೇರಿಕೊಳ್ಳುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿಟ್ಟರೆ ಕಳ್ಳರು ಒಯ್ದಾರು ಎಂದರು ಹೆಡ್ ಮಾಸ್ಟರ್. ಚಿಕ್ಕ ಮಕ್ಕಳಿಗೆ ಹೃದಯ ನಿಲ್ಲುವುದೆಂದರೇನು, ಅಪಶಕುನ ಯಾಕೆ ಆಡುತ್ತೀರಿ ಎಂದೂ ಅಂದರು. ಅಪರೂಪವೇ ಇರಬಹುದು ಸಾರ್, ಆದರೆ ಆದ ದಿನ ಕೈಯಲ್ಲಿರುವುದು ಕೆಲವೇ ನಿಮಿಷ ಎಂದು ನಾನೆಂದೆ. ಅವರು ಗಡಿಯಾರ ನೋಡಿಕೊಂಡರು, ಬಸ್ಸಿಗೆ.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿತ್ತು. ಹಿಂದೆ ಶಿವಮೊಗ್ಗದ ಶಾಲೆಯಲ್ಲಿದ್ದಾಗ ಗಣಿತದ ಮೇಷ್ಟ್ರೊಬ್ಬರು ನನಗೆ ತುಂಬ ಹತ್ತಿರದ ಗೆಳೆಯರಾಗಿದ್ದರು. ಲೆಕ್ಕಕ್ಕಿಂತ ವಾಲಿಬಾಲ್ ಮೇಲೆ ಅವರಿಗೆ ಪ್ರೀತಿ. ಒಂದು ಸಂಜೆ ಮಕ್ಕಳೊಂದಿಗೆ ಆಡುತ್ತಿದ್ದವರು ನೆಟ್ ಕೆಳಗೆ ಧೊಪ್ಪೆಂದು ಬಿದ್ದರು. ಕೈಕಾಲು ಸ್ವಲ್ಪ ಅದುರಿದವು. ಫಿಟ್ಸ್ ಎಂದು ಯಾರೋ ಕೂಗಿದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಯಾರೋ ಅಂಗಾಲು ತಿಕ್ಕಿದರು, ಯಾರೋ ಕೈಗೆ ಕೀ ಕೊಟ್ಟು ಮುಷ್ಟಿ ಮುಚ್ಚಿದರು. ಕಬ್ಬಿಣ ಹಿಡಿದರೆ ಫಿಟ್ಸ್ ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಯಾರಿಗೆ ತಾನೇ ಇಲ್ಲ? ಆಟೋದಲ್ಲಿ ಹಾಕಿಕೊಂಡು ಹೋದಾಗ ಡಾಕ್ಟರು ಕೇಳಿದ್ದು ಒಂದೇ ಮಾತು, ಎದೆ ಒತ್ತಿದ್ರಾ ಅಂತ. ಯಾರೂ ಒತ್ತಿರಲಿಲ್ಲ. ಅದು ಫಿಟ್ಸ್ ಅಲ್ಲ, ಹೃದಯ ನಿಂತಾಗ ಮೊದಮೊದಲು ಹಾಗೆ ಅದುರುವುದೂ ಉಂಟು ಎಂದು ಅವರು ಹೇಳಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ನಾನು ಎದೆ ಒತ್ತುವುದನ್ನು ಕಲಿತೆ. ಈ ಶಾಲೆಗೆ ವರ್ಗವಾಗಿ ಬಂದವಳೇ ಹುಡುಗಿಯರಿಗೂ ಕಲಿಸಿದೆ. ಹೆಡ್ ಮಾಸ್ಟರನ್ನು ಪೀಡಿಸಿ ಪೀಡಿಸಿ, ಒಂದು ಸಂಜೆ ಅಣಕು ತಾಲೀಮಿಗೆ ಒಪ್ಪಿಸಿದೆ, ನೋಡಲು ಅವರನ್ನೂ ನಿಲ್ಲಿಸಿಕೊಂಡೆ. ಒಬ್ಬಳು ಬೀಳಬೇಕು, ಒಬ್ಬಳು ನೂರಾ ಎಂಟಕ್ಕೆ ಫೋನ್ ಮಾಡಿದಂತೆ ನಟಿಸಬೇಕು, ಒಬ್ಬಳು ಆಂಬುಲೆನ್ಸಿಗೆ ಗೇಟ್ ತೆಗೆಸಬೇಕು, ಇಬ್ಬರು ಓಡಿಹೋಗಿ ಪೆಟ್ಟಿಗೆ ತರಬೇಕು. ಚೆನ್ನಾಗಿರುವವರ ಎದೆ ಒತ್ತಬಾರದಾದ್ದರಿಂದ, ಸ್ಪಂಜು ತುಂಬಿದ ಗೋಣಿಚೀಲವನ್ನು ಪಕ್ಕದಲ್ಲಿಟ್ಟುಕೊಂಡೆ. ಬೀಳಬೇಕಾದವಳು ನಮ್ಮ ಟೀಮಿನ ಕ್ಯಾಪ್ಟನ್. ಬಿದ್ದ ಮೇಲೆ ಕೈಕಾಲು ಸ್ವಲ್ಪ ಅದುರಿಸು, ಆಮೇಲೆ ಏನೇ ಆದರೂ ಕಣ್ಣು ಬಿಡಬೇಡ, ಮಾತಾಡಬೇಡ ಎಂದು ಹೇಳಿಕೊಟ್ಟಿದ್ದೆ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ ಅವಳು.

ಅವಳು ಬಿದ್ದಳು, ನಾನು ಸ್ಟಾಪ್‌ವಾಚ್ ಒತ್ತಿ ಚೀಲದ ಮೇಲೆ ಬಗ್ಗಿದೆ. ಎಣಿಸುತ್ತ ಒತ್ತುತ್ತಿದ್ದೆ. ಸುತ್ತ ಜನ ಸೇರಿದ್ದು ಗೊತ್ತಾಯಿತೇ ಹೊರತು ಯಾರು ಏನು ಮಾಡುತ್ತಿದ್ದಾರೆಂದು ನೋಡಲಿಲ್ಲ. ಪೆಟ್ಟಿಗೆಗೆ ಓಡಿದ ಇಬ್ಬರೂ ಬರಿಗೈಲಿ ವಾಪಸ್ ಬಂದು ಅಟೆಂಡರ್ ಬಳಿ ಕೀ ಕೇಳಿದರು. ಅವರು ಸೊಂಟ ಮುಟ್ಟಿ ನೋಡಿಕೊಂಡರು, ಇಲ್ಲ. ಆಫೀಸ್ ಬಾಗಿಲಲ್ಲೇ ಬಿಟ್ಟೆನೇನೋ ಎಂದು ಓಡಿದರು. ಗೇಟಿನ ಹುಡುಗಿಯೂ ಕೀ ಕೇಳುತ್ತ ಬಂದಳು. ಹೆಡ್ ಮಾಸ್ಟರ್ ಬೈಯತೊಡಗಿದರು. ಯಾರೋ ನಲ್ಲಿಯ ಹತ್ತಿರ ಹುಡುಕಿದರು, ಯಾರೋ ಧ್ವಜಸ್ತಂಭದ ಕಟ್ಟೆ ಹುಡುಕಿದರು. ನನ್ನ ಭುಜ ಸೋತುಹೋಗಿತ್ತು. ಆರು ನಿಮಿಷ ದಾಟಿದಾಗ ರೋಸಿಹೋಗಿ ಕೈಬಿಟ್ಟೆ. ಪಕ್ಕಕ್ಕೆ ತಿರುಗಿದರೆ, ಮಲಗಿದ್ದ ಕ್ಯಾಪ್ಟನ್‌ಳ ಬಲಮುಷ್ಟಿಯಿಂದ ಗೊಂಚಲಿನ ಒಂದು ಕೀ ಹೊರಗೆ ಇಣುಕುತ್ತಿತ್ತು.

ಕೈಕಾಲು ಅದುರಿದ್ದು ಕಂಡದ್ದೇ ತಡ, ಅಟೆಂಡರ್ ಅಭ್ಯಾಸಬಲದಿಂದ ಗೊಂಚಲು ಕಿತ್ತು ಅವಳ ಕೈಗೆ ಕೊಟ್ಟಿದ್ದರು. ಕೊಟ್ಟದ್ದು ಮರೆತೂ ಬಿಟ್ಟಿದ್ದರು. ಇಡೀ ಶಾಲೆ ಹುಡುಕುತ್ತಿದ್ದ ಕೀಗಳನ್ನು ಹಿಡಿದುಕೊಂಡು ಇವಳು ಆರು ನಿಮಿಷ ತೆಪ್ಪಗೆ ಮಲಗಿದ್ದಳು. ಯಾಕೆ ಹೇಳಲಿಲ್ಲವೆಂದು ಗದರಿದೆ.

"ನೀವೇ ಹೇಳಿದ್ರಲ್ಲ ಮಿಸ್, ಏನೇ ಆದ್ರೂ ಮಾತಾಡ್ಬೇಡ ಅಂತ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಡ್ ಮಾಸ್ಟರಿಗಂತೂ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ತಲೆ ಚಿಟ್ಟು ಹಿಡಿದುಹೋಯಿತು. ಆ ಚೀಲದ ಜಾಗದಲ್ಲಿ ಈ ಹುಡುಗಿಯೇ ಇದ್ದಿದ್ದರೆ ಎಂದು ಕೂಗಾಡಿದೆ. ಅಟೆಂಡರ್ ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರವಾದವರು, ಮನೆಮಾತು ತಮಿಳಾದರೂ ನಮಗಿಂತ ಚೆನ್ನಾಗಿ ಕನ್ನಡ ಆಡುವವರು. ನನ್ನ ಸಿಟ್ಟು ಅವರಿಗೆ ಅತಿಯೆನಿಸಿತು.

"ಹಿಂದಿನಿಂದ ಮಾಡ್ಕೊಂಡು ಬಂದಿದ್ದು ಮೇಡಂ. ಕೈಗೊಂದು ಕೀ ಕೊಟ್ರೆ ಯಾರಿಗೇನು ನಷ್ಟ ಆಗಿದೆ?"

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಯಾರಿಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ.

"ಶಿವಮೊಗ್ಗದಲ್ಲಿ ಮೇಷ್ಟ್ರು ಬಿದ್ದಾಗ ಕೀ ಕೊಟ್ಟೋಳು ನಾನೇ," ಎಂದೆ. "ನನ್ನ ಸ್ಕೂಟರ್ ಕೀ. ಅವರ ಮುಷ್ಟಿ ಬಿಚ್ಚಿಕೊಳ್ತಿತ್ತು, ನಾನು ಎರಡೂ ಕೈಯಿಂದ ಮುಚ್ಚಿ ಹಿಡ್ಕೊಂಡಿದ್ದೆ. ಎದೆ ಮೇಲೆ ಇಡ್ಬೇಕಾದ ಕೈ ಅವು."

ಅಟೆಂಡರ್ ಬಗ್ಗಿ ಹುಡುಗಿಯ ಕೈಯಿಂದ ಗೊಂಚಲು ತೆಗೆದುಕೊಂಡು ಒಳಗೆ ಹೋದರು. ಬೀರು ತೆಗೆದು ಪೆಟ್ಟಿಗೆ ತಂದು, ಮೈದಾನದ ಕಡೆಯ ಜಗಲಿಯಲ್ಲಿ ಗಂಟೆ ತೂಗುಹಾಕಿದ್ದ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದರು. ಹೆಡ್ ಮಾಸ್ಟರ್ ತಾವೇ ಸ್ಟೂಲ್ ಹಿಡಿದು ನಿಂತರು. ಅವತ್ತು ಅವರ ಬಸ್ಸು ತಪ್ಪಿತು, ಅದರ ಮಾತೇ ಎತ್ತಲಿಲ್ಲ. ಮುಚ್ಚಳದ ಸಂದಿಯಲ್ಲಿ ಒಣಗಿದ್ದ ಕುಂಕುಮವನ್ನು ನಾನು ಸೆರಗಿನಿಂದ ಒರೆಸಿದೆ.

ಕತ್ತಲಾಗುವ ಮೊದಲು ಇನ್ನೊಮ್ಮೆ ತಾಲೀಮು ಮಾಡಿದೆವು. ಕ್ಯಾಪ್ಟನ್ ಬಿದ್ದಳು, ಕೈಕಾಲು ಅದುರಿಸಿದಳು. ಅಟೆಂಡರ್ ಕೈ ಸೊಂಟಕ್ಕೆ ಹೋಗಿ ಅರ್ಧದಲ್ಲೇ ನಿಂತಿತು, ಮರುಕ್ಷಣ ಅವರು ಗೇಟಿನ ಕಡೆ ಓಡಿದರು. ಪೆಟ್ಟಿಗೆ ನನ್ನ ಪಕ್ಕಕ್ಕೆ ಬಂದಾಗ ಸ್ಟಾಪ್‌ವಾಚ್ ನಿಲ್ಲಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಮೇಷ್ಟ್ರ ಮುಷ್ಟಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಮುಚ್ಚಿ ಹಿಡಿದಿದ್ದೆ.